ಪಾಯಿಂಟರ್ ಗೊತ್ತುಂಟು, ಆದ್ರೆ ಮೆಮೊರಿಯನ್ನು ಯಾರು ಯಾವಾಗ ಫ್ರೀ ಮಾಡ್ಬೇಕು?

ನೀರ್ಚಾಲು_ಬಿಸಿಎ:

ಅಣ್ಣಂದಿರಿಗೆ ಅಕ್ಕಂದಿರಿಗೆ ನಮಸ್ಕಾರ. ನಾನು ಕಾಸರಗೋಡಿನ ಕಡೆಯವ, ಬಿಸಿಎ ಎರಡನೇ ವರ್ಷ. ಹತ್ತನೇ ವರೆಗೆ ಕನ್ನಡ ಮೀಡಿಯಂ, ಪ್ಲಸ್ ಟೂನಲ್ಲಿ ಕಂಪ್ಯೂಟರ್ ಸೈನ್ಸ್ ಇತ್ತು, ಹಾಗಾಗಿ ಸಿ++ ಸ್ವಲ್ಪ ಗೊತ್ತುಂಟು. ಈಗ ಸಿ ಯಲ್ಲಿ ಡೇಟಾ ಸ್ಟ್ರಕ್ಚರ್ ಲ್ಯಾಬ್ ನಡೀತಾ ಉಂಟು. ಲಿಂಕ್ಡ್ ಲಿಸ್ಟ್ (ಒಂದೊಂದು ನೋಡ್‌ನಲ್ಲೂ ಮುಂದಿನ ನೋಡ್‌ನ ಅಡ್ರೆಸ್ ಇರುವ ಪಟ್ಟಿ) ಮಾಡಿ ಅದಕ್ಕೆ ಊರಿನ ಹೆಸರುಗಳನ್ನು ಸೇರಿಸ್ಬೇಕು, ಪ್ರಿಂಟ್ ಮಾಡ್ಬೇಕು, ಡಿಲೀಟ್ ಮಾಡ್ಬೇಕು, ಇಷ್ಟೇ ಅಸೈನ್‌ಮೆಂಟ್. ಹೆಸರು ಓದ್ಲಿಕ್ಕೆ ಬರೆದ ಫಂಕ್ಷನ್ ಇದು, ಎಲ್ಲರಿಗೂ ಓದ್ಲಿಕ್ಕೆ ಆಗ್ಲಿ ಅಂತ ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ:

ಚಾರ್ *ಹೆಸರು_ಓದು(ವಾಯ್ಡ್) {
    ಚಾರ್ ಬಫ್[50];
    ಎಫ್‌ಗೆಟ್ಸ್(ಬಫ್, 50, ಎಸ್‌ಟಿಡಿಇನ್);
    ರಿಟರ್ನ್ ಬಫ್;
}

ಲ್ಯಾಬಿನಲ್ಲಿ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಂ ಓಡಿಸುವಂಥದ್ದು) ಒಳಗೆ ಟರ್ಬೋ ಸಿ ಅನ್ನುವ ಹಳೇ ಕಂಪೈಲರ್. ಅಲ್ಲಿ ಇದು ಒಮ್ಮೆ ಸರಿ ಬರ್ತದೆ, ಒಮ್ಮೆ ಅರ್ಧ ಹೆಸರು ಬಂದು ಮತ್ತೆ ಎಂತೆಂತದೋ ಚಿಹ್ನೆ ಬರ್ತದೆ. ಮನೆಯಲ್ಲಿ ಉಬುಂಟು, ಜಿಸಿಸಿ ಕಂಪೈಲರ್, ಅಲ್ಲಿ ಮೊದಲ ಹೆಸರು ಹಾಕಿದ ಕೂಡ್ಲೆ ಸೆಗ್ಮೆಂಟೇಶನ್ ಫಾಲ್ಟ್. ಒಂದೇ ಕೋಡ್, ಎರಡು ಕಡೆ ಎರಡು ನಮೂನೆ. ಮತ್ತೆ ಬಫ್ ಅನ್ನು ಫಂಕ್ಷನ್‌ನಿಂದ ಹೊರಗೆ ತಂದು ಗ್ಲೋಬಲ್ ಮಾಡಿ ನೋಡಿದೆ, ಆಗ ಕ್ರ್ಯಾಶ್ ಇಲ್ಲ, ಆದ್ರೆ ಲಿಸ್ಟ್ ಪ್ರಿಂಟ್ ಮಾಡಿದ್ರೆ ಎಲ್ಲ ನೋಡ್‌ನಲ್ಲೂ ಕೊನೆಗೆ ಹಾಕಿದ ಊರಿನ ಹೆಸರೇ ಬರ್ತದೆ. ಇನ್ನೊಂದು ವಿಚಿತ್ರ, ಮನೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ್ರೆ ಸಣ್ಣ ಹೆಸರು ಸರಿ ಬರ್ತದೆ, ತುಂಬ ಉದ್ದದ್ದು ಹಾಕಿದ್ರೆ ಕೊನೆಯಲ್ಲಿ ಕಪ್ಪು ಡೈಮಂಡಿನೊಳಗೆ ಪ್ರಶ್ನೆ ಚಿಹ್ನೆ ಬರ್ತದೆ, ಉಳಿದ ತುಂಡು ಮುಂದಿನ ಹೆಸರಾಗಿ ಸೇರ್ತದೆ.

ಪಾಯಿಂಟರ್ ಅಂದ್ರೆ ಅಡ್ರೆಸ್ ಅಂತ ಗೊತ್ತುಂಟು. ಎಲ್ಲರೂ ಮನೆ ನಂಬ್ರದ ಉದಾಹರಣೆ ಕೊಡ್ತಾರೆ, ಅದು ಕೇಳಿ ಆಗಿದೆ, ದಯವಿಟ್ಟು ಅದು ಬೇಡ. ನನಗೆ ಬೇಕಾದದ್ದು ಒಳಗೆ ನಿಜವಾಗಿ ಎಂತ ಆಗ್ತದೆ ಅಂತ. ಮತ್ತೆ ಮ್ಯಾಲಕ್ ಮಾಡಿದ್ದನ್ನು (ಕೇಳಿ ತಗೊಂಡ ಮೆಮೊರಿಯನ್ನು) ಫ್ರೀ ಮಾಡುವುದು (ವಾಪಸ್ ಕೊಡುವುದು) ಯಾವಾಗ, ಯಾರು, ಒಂದು ವೇಳೆ ಮಾಡದಿದ್ರೆ ಎಂತ ಆಗ್ತದೆ? ಪ್ರೋಗ್ರಾಂ ಮುಗಿದಾಗ ಓಎಸ್ ಹೇಗೂ ಎಲ್ಲ ವಾಪಸ್ ತಗೊಳ್ತದೆ ಅಂತ ಫ್ರೆಂಡ್ ಹೇಳ್ತಾನೆ.

ಉಪ್ಪಳ_ಎಂಬೆಡೆಡ್:

ಒಳ್ಳೆ ಪ್ರಶ್ನೆ ಮಾರಾಯ, ಮತ್ತೆ ನೀನು ಕೊಟ್ಟ ಮೂರು ಲಕ್ಷಣವೂ ಸರಿಯಾಗಿ ಉಂಟು, ಅದರಲ್ಲೇ ಉತ್ತರವೂ ಉಂಟು.

ಮೊದಲು ಒಂದು ಕೆಲಸ ಮಾಡು. ಕಾಗದದಲ್ಲಿ ಚಿತ್ರ ಬರೆಯುವುದಕ್ಕಿಂತ ಮುಂಚೆ ಅಡ್ರೆಸ್ಸನ್ನೇ ಪ್ರಿಂಟ್ ಮಾಡಿ ಕಣ್ಣಲ್ಲಿ ನೋಡು. ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಪಿ ಹಾಕಿದ್ರೆ ಸಾಕು. ಮೇನ್ ಒಳಗಿನ ಒಂದು ಲೋಕಲ್ ವೇರಿಯಬಲ್, ಒಂದು ಗ್ಲೋಬಲ್, ಮ್ಯಾಲಕ್ ಕೊಟ್ಟ ಒಂದು ಪಾಯಿಂಟರ್, ಮೂರರದ್ದೂ ಪ್ರಿಂಟ್ ಮಾಡು. ನಿನ್ನ 64 ಬಿಟ್ ಉಬುಂಟುವಿನಲ್ಲಿ ಲೋಕಲ್‌ನದ್ದು 7ಎಫ್‌ಎಫ್ ಅಂತ ಶುರುವಾಗುವ ದೊಡ್ಡ ಸಂಖ್ಯೆ ಬರ್ತದೆ, ಗ್ಲೋಬಲ್ ಮತ್ತು ಮ್ಯಾಲಕ್‌ನದ್ದು ಸಾಮಾನ್ಯವಾಗಿ 55 ಅಥವಾ 56ರಿಂದ ಶುರು. ಅಂದ್ರೆ ಇವು ಬೇರೆ ಬೇರೆ ಜಾಗ ಅಂತ ಕಣ್ಣಿಗೇ ಕಾಣ್ತದೆ. ಪ್ರೋಗ್ರಾಂ ಇನ್ನೊಮ್ಮೆ ಓಡಿಸು, ಸಂಖ್ಯೆಗಳು ಬದಲಾಗಿರ್ತವೆ, ಅದು ಓಎಸ್ ಬೇಕಂತಲೇ ಮಾಡುವುದು, ಅಟ್ಯಾಕ್ ಮಾಡುವವರಿಗೆ ಅಡ್ರೆಸ್ ಮೊದಲೇ ಗೊತ್ತಾಗ್ಬಾರ್ದು ಅಂತ. ಪಾಯಿಂಟರ್ ವೇರಿಯಬಲ್ ಅಂದ್ರೆ ಆ ಸಂಖ್ಯೆಯನ್ನು ಇಟ್ಟುಕೊಳ್ಳುವ 8 ಬೈಟಿನ ಜಾಗ, ಅಷ್ಟೇ. ಅದರ ಟೈಪ್ ಯಾಕೆ ಬೇಕು ಅಂದ್ರೆ ಅಲ್ಲಿ ಹೋಗಿ ಎಷ್ಟು ಬೈಟ್ ಓದ್ಬೇಕು, ಹೇಗೆ ಓದ್ಬೇಕು ಅಂತ ಕಂಪೈಲರ್‌ಗೆ ಗೊತ್ತಾಗ್ಲಿಕ್ಕೆ. ಇಂಟ್ ಪಾಯಿಂಟರ್ ಪಿ ಯಲ್ಲಿ 6000 ಉಂಟು ಅಂತ ಇಟ್ಕೋ, ಪಿ+1 ಅಂದ್ರೆ 6001 ಅಲ್ಲ, 6004, ಯಾಕಂದ್ರೆ ನಿನ್ನ ಮನೆಯ ಮೆಷಿನ್‌ನಲ್ಲಿ ಇಂಟ್ 4 ಬೈಟ್. ಟರ್ಬೋ ಸಿ ಯಲ್ಲಿ ಇಂಟ್ 2 ಬೈಟ್, ಅಲ್ಲಿ 6002 ಆಗ್ತದೆ.

ನಕ್ಷತ್ರದ ಗಲಿಬಿಲಿ ಎಲ್ಲರಿಗೂ ಉಂಟು. ಡಿಕ್ಲೇರ್ ಮಾಡುವಾಗ "ಇಂಟ್ *ಪಿ" ಅಂದ್ರೆ ಪಿ ಒಂದು ಪಾಯಿಂಟರ್ ಅಂತ ಹೇಳುವುದು, ಮತ್ತೆ ಕೆಳಗೆ ಬರಿ "*ಪಿ = 5" ಅಂತ ಬರೆದ್ರೆ ಪಿ ತೋರಿಸುವ ಜಾಗಕ್ಕೆ ಹೋಗಿ 5 ಬರಿ ಅಂತ. "ಇಂಟ್ *ಪಿ, ಕ್ಯೂ" ಅಂತ ಬರೆದ್ರೆ ಪಿ ಮಾತ್ರ ಪಾಯಿಂಟರ್, ಕ್ಯೂ ಬರೀ ಇಂಟ್. ಹಾಗಾಗಿ ಒಂದು ಲೈನಿಗೆ ಒಂದೇ ಡಿಕ್ಲೇರ್ ಮಾಡುವ ಅಭ್ಯಾಸ ಒಳ್ಳೇದು.

ಈಗ ನಿನ್ನ ಫಂಕ್ಷನ್. ಬಫ್ ಅನ್ನುವ 50 ಬೈಟ್ ಸ್ಟ್ಯಾಕ್‌ನಲ್ಲಿ, ಅಂದ್ರೆ ಫಂಕ್ಷನ್‌ಗಳ ಲೋಕಲ್ ವೇರಿಯಬಲ್ ಇರುವ ಜಾಗದಲ್ಲಿ ಉಂಟು. ಫಂಕ್ಷನ್ ಕರೆದಾಗ ಸ್ಟ್ಯಾಕ್ ಪಾಯಿಂಟರ್ ಕೆಳಗೆ ಇಳೀತದೆ, ಅಷ್ಟು ಜಾಗ ಆ ಫಂಕ್ಷನ್‌ನದ್ದು, ರಿಟರ್ನ್ ಆದಾಗ ಅದು ಪುನಃ ಮೇಲೆ ಹೋಗ್ತದೆ. ಯಾರೂ ಬಂದು ಅಳಿಸುವುದಿಲ್ಲ, ಬೈಟುಗಳು ಹಾಗೇ ಬಿದ್ದಿರ್ತವೆ, ಆದ್ರೆ ಆ ಜಾಗ ಈಗ ಮುಂದಿನ ಫಂಕ್ಷನ್‌ಗೆ ಸಿಗುವಂಥದ್ದು. ನೀನು ಪ್ರಿಂಟ್‌ಎಫ್ ಕರೆದ ಕೂಡ್ಲೆ ಅದು ತನ್ನ ಲೋಕಲ್ ವೇರಿಯಬಲ್‌ಗಳನ್ನು ಅಲ್ಲೇ ಬರೀತದೆ, ಎಷ್ಟು ಭಾಗದ ಮೇಲೆ ಬರೀತದೆ ಅನ್ನುವುದರ ಮೇಲೆ ಹೆಸರು ಪೂರ್ತಿ ಬರ್ತದಾ ಅರ್ಧ ಬರ್ತದಾ ಅಂತ ಆಗುವುದು. ಇದೇ ಟರ್ಬೋ ಸಿ ಯ ಕಥೆ. ಮನೆಯಲ್ಲಿ ಜಿಸಿಸಿ ಹೊಸತು, ಅದಕ್ಕೆ ಲೋಕಲ್‌ನ ಅಡ್ರೆಸ್ ವಾಪಸ್ ಕಳಿಸ್ತಾ ಇದ್ದೀ ಅಂತ ಕಂಡದ್ದರಿಂದ ವಾರ್ನಿಂಗ್ ಕೊಟ್ಟು ಅಡ್ರೆಸ್ಸಿನ ಬದಲು ಸೊನ್ನೆಯನ್ನೇ ಕಳಿಸ್ತದೆ. ಹಾಗೆ ಮಾಡ್ಲಿಕ್ಕೆ ಅದಕ್ಕೆ ಅಧಿಕಾರ ಉಂಟು, ಯಾಕಂದ್ರೆ ಸಿ ಸ್ಟ್ಯಾಂಡರ್ಡ್ ಪ್ರಕಾರ ಇದು ಅನ್‌ಡಿಫೈನ್ಡ್ ಬಿಹೇವಿಯರ್, ಎಂತ ಆದ್ರೂ ಆಗಬಹುದು. ಸೊನ್ನೆಯ ಅಡ್ರೆಸ್ ಇರುವ ಪೇಜನ್ನು, ಅಂದ್ರೆ ಮೊದಲ 4096 ಬೈಟನ್ನು, ಲಿನಕ್ಸ್ ಯಾವ ಪ್ರೋಗ್ರಾಂಗೂ ಕೊಡುವುದಿಲ್ಲ, ಅಲ್ಲಿ ಮುಟ್ಟಿದ ಕೂಡ್ಲೆ ಸಿಪಿಯು ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ದೂರು ಕೊಡ್ತದೆ, ಕರ್ನಲ್ ನಿನ್ನ ಪ್ರೋಗ್ರಾಂ ನಿಲ್ಲಿಸ್ತದೆ. ಸೆಗ್ಮೆಂಟೇಶನ್ ಫಾಲ್ಟ್ ಅಂದ್ರೆ ಅದೇ. ಡಾಸ್‌ನಲ್ಲಿ ಈ ಕಾವಲು ಇಲ್ಲವೇ ಇಲ್ಲ, ಸೊನ್ನೆಗೂ ಬರೀಬಹುದು, ಕೆಲವು ಸಲ ಪ್ರೋಗ್ರಾಂ ಮುಗಿದ ಮೇಲೆ "ನಲ್ ಪಾಯಿಂಟರ್ ಅಸೈನ್‌ಮೆಂಟ್" ಅಂತ ಒಂದು ಲೈನ್ ಬರ್ತದೆ ಅಷ್ಟೇ. ಹಾಗಾಗಿ ಲ್ಯಾಬಿಗೆ ಟರ್ಬೋ ಸಿ ಬೇಕಾದ್ರೆ ಬೇಕು, ಆದ್ರೆ ಕಲಿಯುವುದು ಮಾತ್ರ ಮನೆಯ ಜಿಸಿಸಿಯಲ್ಲೇ ಕಲಿ. ಕ್ರ್ಯಾಶ್ ಆಗುವುದೇ ಒಳ್ಳೇದು, ಸುಮ್ಮನೆ ಸರಿ ಕಂಡದ್ದು ಅಪಾಯ.

ಗ್ಲೋಬಲ್ ಮಾಡಿದಾಗ ಎಲ್ಲ ನೋಡ್‌ಗೂ ಒಂದೇ ಹೆಸರು ಯಾಕೆ ಅಂದ್ರೆ ಇರುವುದೇ ಒಂದು 50 ಬೈಟ್, ನೋಡ್‌ಗಳಲ್ಲಿ ನೀನು ಇಟ್ಟದ್ದು ಹೆಸರನ್ನಲ್ಲ, ಆ ಒಂದೇ ಅಡ್ರೆಸ್ಸನ್ನು. ಅದೂ ಪ್ರಿಂಟ್ ಮಾಡಿ ನೋಡು, ಎಲ್ಲ ನೋಡ್‌ನಲ್ಲೂ ಒಂದೇ ಸಂಖ್ಯೆ ಬರ್ತದೆ.

ಆ ಕಪ್ಪು ಡೈಮಂಡ್ ಬೇರೆ ವಿಷಯ, ಅದು ನಮ್ಮಂಥ ಕನ್ನಡದಲ್ಲಿ ಟೈಪ್ ಮಾಡುವವರು ಗೊತ್ತು ಮಾಡ್ಕೊಳ್ಳಲೇಬೇಕಾದದ್ದು. ಚಾರ್ ಅಂದ್ರೆ ಒಂದು ಬೈಟ್, ಒಂದು ಅಕ್ಷರ ಅಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಯುನಿಕೋಡ್ ಒಂದೊಂದು ಗುರ್ತಿಗೆ ಕೊಟ್ಟ ನಂಬ್ರಕ್ಕೂ) 3 ಬೈಟ್ ಬೇಕು, ಮತ್ತೆ ಕೊಂಬು, ಏತ್ವ, ಸೊನ್ನೆ, ಒತ್ತಿನ ಹಿಂದಿನ ವಿರಾಮ ಎಲ್ಲ ಬೇರೆ ಬೇರೆ ಕೋಡ್‌ಪಾಯಿಂಟ್. "ಕುಂಬಳೆ" ತಗೋ: ಕ, ಉ ಕಾರದ ಕೊಂಬು, ಅನುಸ್ವಾರ, ಬ, ಳ, ಎ ಕಾರದ ಗುರ್ತು, ಒಟ್ಟು 6, ಅಂದ್ರೆ 18 ಬೈಟ್, ಸ್ಟ್ರಿಂಗ್ ಮುಗೀತು ಅಂತ ತೋರಿಸುವ ಕೊನೆಯ ಸೊನ್ನೆ ಬೈಟ್ ಸೇರಿ 19. "ಮಂಜೇಶ್ವರ" 8 ಕೋಡ್‌ಪಾಯಿಂಟ್, 24 ಬೈಟ್, ಸೊನ್ನೆ ಸೇರಿ 25. ಎಫ್‌ಗೆಟ್ಸ್‌ಗೆ 50 ಅಂತ ಕೊಟ್ರೆ ಅದು 49 ಬೈಟ್ ಓದಿ ನಿಲ್ತದೆ, 16 ಕೋಡ್‌ಪಾಯಿಂಟಿಗೆ 48 ಆಯ್ತು, ಉಳಿದ ಒಂದು ಬೈಟ್ ಹದಿನೇಳನೆಯದರ ಮೂರನೇ ಒಂದು ಭಾಗ. ಆ ತುಂಡನ್ನು ಟರ್ಮಿನಲ್‌ಗೆ ಓದ್ಲಿಕ್ಕೆ ಆಗುವುದಿಲ್ಲ, ಡೈಮಂಡ್ ತೋರಿಸ್ತದೆ. ಉಳಿದ ಎರಡು ಬೈಟ್ ಮುಂದಿನ ಸಲದ ಓದಿಗೆ ಕಾದು ಕೂತಿರ್ತವೆ. ಸ್ಟ್ರಿಂಗಿನ ಉದ್ದ ಹೇಳುವ ಎಸ್‌ಟಿಆರ್‌ಲೆನ್ ಕೂಡ ಬೈಟನ್ನೇ ಎಣಿಸುವುದು, ಮೆಮೊರಿ ಕೇಳುವಾಗ ಅದೇ ಲೆಕ್ಕ ಸರಿ, ಅದಕ್ಕೆ ಒಂದು ಸೇರಿಸ್ಬೇಕು ಅಷ್ಟೇ.

ಹೀಪ್, ಅಂದ್ರೆ ಮ್ಯಾಲಕ್ ಕೊಡುವ ಜಾಗದ ವಿಷಯ ಬೇರೆಯವರು ಹೇಳ್ಲಿ, ಇದೇ ಉದ್ದ ಆಯ್ತು.

ಅಕ್ಕಲಕೋಟ_ಗಡಿನಾಡು:

ನಮಸ್ಕಾರ್ರಿ ಎಲ್ಲಾರಿಗೂ. ನಾ ಅಕ್ಕಲಕೋಟ ಕಡೆಯಾಂವ, ನಮ್ಮ ಕಡೆನೂ ಕನ್ನಡ ಸಾಲಿ ಅದಾವ, ನಾನೂ ಅಲ್ಲೇ ಕಲ್ತಾಂವ, ಈಗ ಡೇಟಾಬೇಸ್ ಸಾಫ್ಟ್‌ವೇರ್ ಕೆಲಸಾ ಮಾಡ್ತೀನಿ, ದಿನಾ ಇದರಾಗ ಇರ್ತೀನಿ. ಉಪ್ಪಳದ ಅಣ್ಣಾವ್ರು ಹೇಳಿದ್ದು ಬರೋಬ್ಬರಿ ಐತಿ. ತಮ್ಮಾ, ಹೀಪ್ ಬಗ್ಗೆ ನಾ ಹೇಳ್ತೀನಿ.

ಸ್ಟ್ಯಾಕ್‌ನ್ಯಾಗ ಇರೋದು ಫಂಕ್ಷನ್ ಮುಗಿದ ಕೂಡ್ಲೆ ಹೋಗ್ತೈತಿ. ಅದಕ್ಕಿಂತ ಹೆಚ್ಚು ಹೊತ್ತು ಉಳೀಬೇಕಂದ್ರ ಮ್ಯಾಲಕ್ ಕಡೆ ಕೇಳಬೇಕು. ಮ್ಯಾಲಕ್ ಅಂದ್ರ ಓಎಸ್ ಅಲ್ಲ, ಅದು ನಿನ್ನ ಪ್ರೋಗ್ರಾಂನ್ಯಾಗೇ ಇರೋ ಒಂದು ಲೈಬ್ರರಿ ಫಂಕ್ಷನ್, ಓಎಸ್ ಕಡೆಯಿಂದ ದೊಡ್ಡ ದೊಡ್ಡ ತುಂಡು ತಗೊಂಡು ನಿನಗ ಸಣ್ಣ ಸಣ್ಣ ತುಂಡು ಮಾಡಿ ಕೊಡ್ತೈತಿ. ನಿನ್ನ ನೋಡ್‌ನ್ಯಾಗ ಎರಡು ಪಾಯಿಂಟರ್ ಅದಾವ, ಹೆಸರು ಮತ್ತ ಮುಂದಿನದು, ಅಂದ್ರ 16 ಬೈಟ್. ಆದ್ರ 64 ಬಿಟ್ ಲಿನಕ್ಸ್‌ನ್ಯಾಗ ಜಿಲಿಬ್‌ಸಿ (ಅಲ್ಲಿನ ಸಿ ಲೈಬ್ರರಿ) 16 ಕೇಳಿದ್ರ 32 ಬೈಟಿನ ತುಂಡೇ ಹಿಡೀತೈತಿ, ಅದಕ್ಕಿಂತ ಸಣ್ಣದು ಅದರ ಕಡೆ ಇಲ್ಲ. ನಿನಗ ಕೊಟ್ಟ ಅಡ್ರೆಸ್ಸಿನ ಸ್ವಲ್ಪ ಹಿಂದ ಈ ತುಂಡು ಎಷ್ಟು ದೊಡ್ಡದು ಅಂತ ಬರೆದು ಇಟ್ಟಿರ್ತೈತಿ. ಅದಕ್ಕ ಫ್ರೀಗೆ ಸೈಜ್ ಕೊಡೋದು ಬ್ಯಾಡ, ಅದಕ್ಕ ನೀ ಮ್ಯಾಲಕ್ ಕೊಟ್ಟ ಅಡ್ರೆಸ್ಸನ್ನ ಇದ್ದಹಾಂಗೇ ವಾಪಸ್ ಕೊಡಬೇಕು, ನಡುವಿಂದು ಕೊಟ್ರ ಆಗಂಗಿಲ್ಲ.

ಈಗ ಬರೋ ಮಾತು ಚೆಂದಂಗ ಕೇಳು. ಫ್ರೀ(ಎ) ಅಂದಾಗ ಎ ಅನ್ನೋ ವೇರಿಯಬಲ್ ಬದಲಾಗಂಗಿಲ್ಲ. ಸಿ ಯಾಗ ಫಂಕ್ಷನ್‌ಗೆ ಹೋಗೋದು ಬೆಲೆಯ ನಕಲು, ಹಂಗಾಗಿ ಫ್ರೀ ನಿನ್ನ ಎ ಮುಟ್ಟಾಕ ಬರಂಗಿಲ್ಲ. ಹಳೇ ಸಂಖ್ಯೆ ಅಲ್ಲೇ ಇರ್ತೈತಿ. ನಿನ್ನ ಮನಿ ಲ್ಯಾಪ್‌ಟಾಪಿನಾಗ ಇದನ್ನ ಮಾಡಿ ನೋಡು: ಎ = ಮ್ಯಾಲಕ್(16), ಎ ಪ್ರಿಂಟ್ ಮಾಡು. ಫ್ರೀ(ಎ). ಬಿ = ಮ್ಯಾಲಕ್(16), ಬಿ ಪ್ರಿಂಟ್ ಮಾಡು. ಎರಡೂ ಒಂದೇ ಸಂಖ್ಯೆ ಬರೋದೇ ಹೆಚ್ಚು, ಯಾಕಂದ್ರ ಈಗ ತಾನ ಬಿಟ್ಟ ತುಂಡನ್ನೇ ಅದು ಮೊದಲು ವಾಪಸ್ ಕೊಡ್ತೈತಿ. ಈಗ ಎ ಮೂಲಕ ಏನರ ಬರದ್ರ ಬಿ ದಾಗಿಂದು ಕೆಡ್ತೈತಿ. ಕ್ರ್ಯಾಶ್ ಆಗಂಗಿಲ್ಲ, ಎರರ್ ಬರಂಗಿಲ್ಲ, ಬರೇ ಒಂದು ಊರಿನ ಹೆಸರು ಹೋಗಿ ಇನ್ನೊಂದು ಕೂಡ್ತೈತಿ, ಅದೂ ಸಾವಿರ ಲೈನಿನ ಆಚೆ ಕಾಣಸ್ತೈತಿ. ಇದಕ್ಕ ಯೂಸ್ ಆಫ್ಟರ್ ಫ್ರೀ ಅಂತಾರ. ಫ್ರೀ ಆದ ಮ್ಯಾಲ ಎ = ನಲ್ (ಎಲ್ಲೂ ತೋರಸದ ಪಾಯಿಂಟರ್) ಅಂತ ಹಾಕೋದು ಒಳ್ಳೇ ರೂಢಿ, ಆದ್ರ ಅದೇ ಅಡ್ರೆಸ್ಸಿನ ಇನ್ನೊಂದು ನಕಲು ಬ್ಯಾರೆ ನೋಡ್‌ನ್ಯಾಗ ಇದ್ರ ಅದು ಹಂಗೇ ಉಳೀತೈತಿ, ಅದನ್ನ ನಲ್ ಮಾಡಾಕ ಯಾರೂ ಬರಂಗಿಲ್ಲ.

ಯಾರು ಫ್ರೀ ಮಾಡಬೇಕು ಅಂತ ಕೇಳಿದ್ಯಲ್ಲ, ಪಾಯಿಂಟರ್ ಪಾಠದಾಗ ನಿಜವಾಗಿ ಕಲೀಬೇಕಾದ್ದು ಅದೊಂದೇ ಅಂತ ನಾ ಹೇಳ್ತೀನಿ. ನಕ್ಷತ್ರ, ಆಂಪರ್‌ಸ್ಯಾಂಡ್ ಎಲ್ಲಾ ವಾರದಾಗ ಬರ್ತಾವ. ಒಂದೊಂದು ಮ್ಯಾಲಕ್‌ಗೂ ಒಬ್ಬ ಮಾಲೀಕ ಇರಬೇಕು. ಭಾಷಾ ಅದನ್ನ ಕೇಳಂಗಿಲ್ಲ, ನೀನೇ ನಿರ್ಧಾರ ಮಾಡಿ ಕಾಮೆಂಟಿನಾಗ ಬರದಿಡಬೇಕು. ನಿನ್ನ ಪ್ರೋಗ್ರಾಂನ್ಯಾಗ ಹಿಂಗ ಮಾಡು: ಹೆಸರು_ಓದು ಒಳಗ ಬಫ್ ಲೋಕಲ್ ಆಗೇ ಇರಲಿ, ಓದಿದ ಮ್ಯಾಲ ಎಸ್‌ಟಿಆರ್‌ಡಪ್(ಬಫ್) ವಾಪಸ್ ಕಳಸು. ಎಸ್‌ಟಿಆರ್‌ಡಪ್ ಒಳಗ ಉದ್ದ ಎಣಿಸಿ, ಒಂದು ಕೂಡಿಸಿ, ಮ್ಯಾಲಕ್ ಮಾಡಿ, ನಕಲು ಮಾಡಿ ಕೊಡ್ತೈತಿ. ಫಂಕ್ಷನ್ ಮ್ಯಾಲ ಬರಿ, "ಈ ಸ್ಟ್ರಿಂಗ್ ಕರೆದವರದು, ಅವರೇ ಫ್ರೀ ಮಾಡಬೇಕು." ನೋಡ್‌ಗೆ ಸೇರಿಸಿದ ಮ್ಯಾಲ ಮಾಲೀಕತನ ನೋಡ್‌ಗೆ ಹೋತು. ನೋಡ್ ತಗೀವಾಗ ಮೊದಲು ಹೆಸರು ಫ್ರೀ, ಆಮ್ಯಾಲ ನೋಡ್ ಫ್ರೀ. ತಿರಗಾಮುರಗಾ ಮಾಡಿದ್ರ ನೋಡ್ ಹೋದ ಮ್ಯಾಲ ಅದರಾಗಿನ ಹೆಸರು ಓದಿದಂಗ ಆಗ್ತೈತಿ.

ಇದನ್ನೆಲ್ಲಾ ಕಣ್ಣಾಗ ಹುಡುಕೋದು ಬ್ಯಾಡ. ಜಿಸಿಸಿಗೆ ಮೈನಸ್ ಜಿ, ಮೈನಸ್ ಡಬ್ಲ್ಯೂ ಆಲ್, ಮತ್ತ ಮೈನಸ್ ಎಫ್‌ಸ್ಯಾನಿಟೈಸ್ ಈಕ್ವಲ್ ಅಡ್ರೆಸ್ ಕೊಟ್ಟು ಕಂಪೈಲ್ ಮಾಡು. ಅಡ್ರೆಸ್ ಸ್ಯಾನಿಟೈಜರ್ ಅಂತಾರ, ಗೂಗಲ್‌ನವ್ರು ಮಾಡಿದ್ದು, ಜಿಸಿಸಿ ಒಳಗ 4.8 ವರ್ಶನ್‌ದಿಂದ ಐತಿ. ತಪ್ಪಿದ್ದಲ್ಲೇ ನಿಲ್ಲಸ್ತೈತಿ, ಆಮ್ಯಾಲ ಮೂರು ಜಾಗ ತೋರಸ್ತೈತಿ, ಎಲ್ಲಿ ಮುಟ್ಟಿದಿ, ಎಲ್ಲಿ ಫ್ರೀ ಮಾಡಿದ್ದಿ, ಎಲ್ಲಿ ಮ್ಯಾಲಕ್ ಮಾಡಿದ್ದಿ, ಲೈನ್ ನಂಬರ್ ಸಮೇತ. ಆ ಮೂರು ಲೈನ್ ಓದಿದ್ರ ಅರ್ಧ ಪಾಠ ಅಲ್ಲೇ ಆಗ್ತೈತಿ. ವ್ಯಾಲ್‌ಗ್ರಿಂಡ್ ಅಂತ ಇನ್ನೊಂದು ಐತಿ, ಅದಕ್ಕ ಹೊಸದಾಗಿ ಕಂಪೈಲ್ ಮಾಡೋದು ಬ್ಯಾಡ, ಆದ್ರ ಭಾಳ ನಿಧಾನ ಓಡ್ತೈತಿ. ನಿನ್ನ ಅಸೈನ್‌ಮೆಂಟಿಗೆ ಎರಡೂ ನಡೀತಾವ.

ನಿನ್ನ ದೋಸ್ತ ಹೇಳಿದ್ದು ಖರೆ, ಲಿನಕ್ಸ್, ವಿಂಡೋಸ್ ಎರಡರಾಗೂ ಪ್ರೋಗ್ರಾಂ ಮುಗಿದ್ರ ಓಎಸ್ ಎಲ್ಲಾ ಹಿಂದಕ್ಕ ತಗೋತೈತಿ. ಆದ್ರ ನಮ್ಮ ಡೇಟಾಬೇಸ್ ತಿಂಗಳಗಟ್ಟಲೆ ಮುಗಿಯಂಗೇ ಇಲ್ಲ. ಒಂದು ಕ್ವೆರಿಗೆ 100 ಬೈಟ್ ಸೋರಿದ್ರ, ಸೆಕೆಂಡಿಗೆ ಸಾವಿರ ಕ್ವೆರಿ ಬಂದ್ರ, ದಿನಕ್ಕ 8 ಜಿಬಿ ದಾಟ್ತೈತಿ. ಲೆಕ್ಕಾ ನೀನೇ ಹಾಕಿ ನೋಡು.

ಕುಂಬಳೆ_ಟೀಚರ್:

ಪ್ಲಸ್ ಟೂಗೆ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು ನಾನು, ಹಾಗಾಗಿ ಎರಡು ಮಾತು. ಕೇರಳ ಸಿಲೆಬಸ್‌ನಲ್ಲಿ ಹನ್ನೆರಡನೆಯ ತರಗತಿಯಲ್ಲಿ ಸ್ಟ್ರಕ್ಚರ್ ಮತ್ತು ಪಾಯಿಂಟರ್ ಪಾಠ ಉಂಟು, ಸಿ++ನಲ್ಲಿ ಮೆಮೊರಿ ಕೇಳುವ ನ್ಯೂ, ವಾಪಸ್ ಕೊಡುವ ಡಿಲೀಟ್, ಮೆಮೊರಿ ಲೀಕ್ ಎಲ್ಲ ಅಲ್ಲಿ ಬಂದಿರ್ತದೆ. ನೀನು ಅಲ್ಲಿ ಓದಿ ಈಗ ಸಿ ಗೆ ಬಂದದ್ದರಿಂದ ಒಂದು ಜಾಗ್ರತೆ: ನ್ಯೂ ಮಾಡಿದ್ದನ್ನು ಫ್ರೀ ಮಾಡ್ಬಾರ್ದು, ಮ್ಯಾಲಕ್ ಮಾಡಿದ್ದನ್ನು ಡಿಲೀಟ್ ಮಾಡ್ಬಾರ್ದು, ಅರೇ ನ್ಯೂ ಮಾಡಿದ್ರೆ ಚೌಕ ಬ್ರಾಕೆಟ್ ಇರುವ ಡಿಲೀಟೇ ಬೇಕು. ಮಕ್ಕಳು ಇದನ್ನು ಬೆರೆಸುವುದು ತುಂಬ ಕಾಣ್ತೇನೆ, ಕೆಲವು ಸಲ ಸರಿ ನಡೆದ ಹಾಗೂ ಕಾಣ್ತದೆ.

ಇನ್ನೊಂದು, ಪೂರ್ತಿ ಲಿಸ್ಟ್ ಡಿಲೀಟ್ ಮಾಡುವ ಲೂಪ್. ಹೆಚ್ಚಿನವರು ಬರೆಯುವುದು, ಪಿ ಯನ್ನು ಫ್ರೀ ಮಾಡಿ ಮತ್ತೆ ಪಿ = ಪಿ->ಮುಂದಿನದು ಅಂತ. ಫ್ರೀ ಆದ ನೋಡ್‌ನ ಒಳಗಿನಿಂದ ಮುಂದಿನ ಅಡ್ರೆಸ್ ಓದಿದ ಹಾಗಾಯ್ತು ಅದು. ಮೊದಲು ಮುಂದಿನದನ್ನು ಬೇರೆ ವೇರಿಯಬಲ್‌ನಲ್ಲಿ ತೆಗೆದಿಟ್ಟು ಮತ್ತೆ ಫ್ರೀ ಮಾಡ್ಬೇಕು:

ವೈಲ್ (ಪಿ != ನಲ್) {
    ಸ್ಟ್ರಕ್ಟ್ ನೋಡ್ *ಎನ್ = ಪಿ->ಮುಂದಿನದು;
    ಫ್ರೀ(ಪಿ->ಹೆಸರು);
    ಫ್ರೀ(ಪಿ);
    ಪಿ = ಎನ್;
}

ಇದನ್ನು ಒಮ್ಮೆ ಕಾಗದದಲ್ಲಿ ಮೂರು ಪೆಟ್ಟಿಗೆ ಹಾಕಿ, ಒಂದೊಂದು ಲೈನಿಗೂ ಯಾವ ಬಾಣ ಎಲ್ಲಿ ಹೋಗ್ತದೆ ಅಂತ ಗೆರೆ ಎಳೆದು ನೋಡು. ಫ್ರೀ ಆದ ಪೆಟ್ಟಿಗೆಗೆ ಕಾಟು ಹಾಕು. ಕಾಟು ಹಾಕಿದ ಪೆಟ್ಟಿಗೆಯಿಂದ ಬಾಣ ಹೊರಡ್ತಾ ಉಂಟಾ ಅಂತ ಮಾತ್ರ ನೋಡು, ಬೇರೆ ಎಂತದೂ ಬೇಡ. ಅಡ್ರೆಸ್ ಪ್ರಿಂಟ್ ಮಾಡುವುದೂ ಬೇಕು, ಗೆರೆ ಎಳೆಯುವುದೂ ಬೇಕು, ಒಂದು ಇದ್ದರೆ ಇನ್ನೊಂದು ಬೇಡ ಅಂತ ನಾನು ಒಪ್ಪುವುದಿಲ್ಲ.

ಹೊಸೂರು_ಬ್ಯಾಕೆಂಡ್:

ಎಲ್ಲರ ಉತ್ತರಾನೂ ಚೆನ್ನಾಗಿದೆ, ಆದ್ರೆ ಒಂದು ಮಾತು ಯಾರಾದ್ರೂ ಹೇಳ್ಬೇಕು. ಇವತ್ತು ಹೊಸದಾಗಿ ಏನಾದ್ರೂ ಬರೆಯೋದಾದ್ರೆ ಕೈಯಿಂದ ಫ್ರೀ ಮಾಡೋ ಭಾಷೆಗೆ ಹೋಗೋ ಅವಶ್ಯಕತೆ ಬಹಳ ಕಮ್ಮಿ. ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿನ ತಾನೇ ಹುಡುಕಿ ಬಿಡಿಸೋ ವ್ಯವಸ್ಥೆ) ಹೊಸ ವಿಷಯ ಏನಲ್ಲ, ಜಾನ್ ಮೆಕಾರ್ಥಿ ಲಿಸ್ಪ್ ಭಾಷೆ ಬಗ್ಗೆ 1960ರಲ್ಲಿ ಬರೆದ ಪೇಪರ್‌ನಲ್ಲೇ ಇದೆ, ಸಿ ಹುಟ್ಟೋಕೆ ಮುಂಚೆ. ಮೈಕ್ರೋಸಾಫ್ಟ್‌ನವರೇ 2019ರಲ್ಲಿ ಹೇಳಿದ್ರು, ಅವರ ಪ್ರಾಡಕ್ಟ್‌ಗಳಲ್ಲಿ ಪ್ರತಿ ವರ್ಷ ಸಿವಿಇ ನಂಬರ್ (ಗೊತ್ತಾದ ಸೆಕ್ಯೂರಿಟಿ ದೋಷಕ್ಕೆ ಕೊಡೋ ಸಾರ್ವಜನಿಕ ನಂಬರ್) ಸಿಗೋ ಸೆಕ್ಯೂರಿಟಿ ತೊಂದರೆಗಳಲ್ಲಿ ಸುಮಾರು 70% ಮೆಮೊರಿ ಸೇಫ್ಟಿಗೆ ಸೇರಿದ್ದು ಅಂತ. ಅವರ ಹತ್ರ ಅನುಭವಿ ಇಂಜಿನಿಯರ್‌ಗಳು, ಟೂಲ್‌ಗಳು, ರಿವ್ಯೂ ಎಲ್ಲಾ ಇದ್ದೂ ಹೀಗೆ. 2014ರ ಹಾರ್ಟ್‌ಬ್ಲೀಡ್ ದೋಷ ನೋಡಿ, ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಎದುರಿನವರು ಹೇಳಿದ ಉದ್ದವನ್ನ ಪರೀಕ್ಷೆ ಮಾಡದೆ ಅಷ್ಟು ಬೈಟ್ ಕಾಪಿ ಮಾಡಿ ಕಳಿಸ್ತಿತ್ತು, ಒಂದು ಸಲಕ್ಕೆ 64 ಕೆಬಿ ತನಕ ಪಕ್ಕದ ಮೆಮೊರಿ ಹೊರಗೆ ಹೋಗ್ತಿತ್ತು, ಅದರಲ್ಲಿ ಪಾಸ್‌ವರ್ಡ್, ಪ್ರೈವೇಟ್ ಕೀ ಏನು ಬೇಕಾದ್ರೂ ಇರಬಹುದಿತ್ತು. ಕನ್ನಡದ ಹುಡುಗರು ಕಷ್ಟಪಟ್ಟು ಓದ್ತಾರೆ, ಆ ಕಷ್ಟ ಸರಿಯಾದ ಜಾಗದಲ್ಲಿ ಇರ್ಲಿ ಅನ್ನೋದು ನನ್ನ ಕಾಳಜಿ. ಪೈಥಾನ್, ಜಾವಾ, ಗೋ ಕಲೀರಿ, ಸಿಸ್ಟಮ್ಸ್ ಬೇಕೇ ಬೇಕು ಅಂದ್ರೆ ರಸ್ಟ್ ಕಲೀರಿ.

ಉಪ್ಪಳ_ಎಂಬೆಡೆಡ್:

ಹೊಸೂರಿನವರೇ, ಅಂಕಿ ಅಂಶ ಎಲ್ಲ ಸರಿ, ಹೊಸ ಕೋಡ್‌ಗೆ ರಸ್ಟ್ ಅನ್ನುವುದನ್ನೂ ನಾನು ಒಪ್ತೇನೆ. ಆದ್ರೆ ಕಲಿಯುವ ಹುಡುಗನಿಗೆ ಇದನ್ನು ದಾಟಿ ಹೋಗು ಅನ್ನುವುದನ್ನು ಒಪ್ಪಲಿಕ್ಕೆ ಆಗುವುದಿಲ್ಲ. ಪೈಥಾನ್‌ನಲ್ಲಿ ಎ ಒಂದು ಲಿಸ್ಟ್, ಬಿ = ಎ ಅಂತ ಮಾಡಿ ಬಿ ಗೆ ಒಂದು ಸೇರಿಸಿದ್ರೆ ಎ ಯಲ್ಲೂ ಸೇರ್ತದೆ. ಯಾಕೆ ಅಂತ ಪಾಯಿಂಟರ್ ಗೊತ್ತಿಲ್ಲದವನಿಗೆ ಹೇಳ್ಲಿಕ್ಕೆ ಹೋದ್ರೆ ಕೊನೆಗೆ ಪಾಯಿಂಟರ್‌ನ್ನೇ ಹೇಳ್ಬೇಕಾಗ್ತದೆ. ಅವನ ಗ್ಲೋಬಲ್ ಬಫ್‌ನ ಕಥೆಯೂ ಇದೇ ಅಲ್ವಾ, ಎಲ್ಲ ನೋಡ್‌ನಲ್ಲೂ ಒಂದೇ ಹೆಸರು. ಜಾವಾದಲ್ಲಿ ಒಂದು ಸ್ಟ್ಯಾಟಿಕ್ ಮ್ಯಾಪ್‌ಗೆ ತುಂಬಿಸ್ತಾ ಹೋಗಿ ತೆಗೆಯದಿದ್ರೆ ಗಾರ್ಬೇಜ್ ಕಲೆಕ್ಟರ್ ಮುಟ್ಟುವುದೇ ಇಲ್ಲ, ಯಾಕಂದ್ರೆ ಅದಕ್ಕೆ ಅದು ಬೇಕಾದ ವಸ್ತುವಿನ ಹಾಗೆ ಕಾಣ್ತದೆ, ಲೀಕ್ ಅಲ್ಲೂ ಉಂಟು. ಯಾರು ಯಾವಾಗ ಬಿಡ್ಬೇಕು ಅನ್ನುವ ಪ್ರಶ್ನೆ ಭಾಷೆ ಬದಲಿಸಿದ್ರೆ ಹೋಗುವುದಿಲ್ಲ.

ರಸ್ಟ್ 1.0 ಬಂದದ್ದು 2015ರ ಮೇ ತಿಂಗಳಲ್ಲಿ, ಅದು ಮಾಡಿದ್ದು ಅಕ್ಕಲಕೋಟದ ಅಣ್ಣ ಕಾಮೆಂಟಿನಲ್ಲಿ ಬರಿ ಅಂದದ್ದನ್ನೇ ಕಂಪೈಲರ್ ಪರೀಕ್ಷೆ ಮಾಡುವ ಹಾಗೆ. ಒಂದು ವಸ್ತುವಿಗೆ ಒಬ್ಬ ಮಾಲೀಕ, ಬೇರೆಯವರು ಎರವಲು ತಗೊಳ್ಬಹುದು, ಮಾಲೀಕ ಹೋದ ಮೇಲೆ ಎರವಲು ಉಳಿದ್ರೆ ಕಂಪೈಲ್ ಆಗುವುದಿಲ್ಲ. ಸಿ++ನಲ್ಲಿ 2011ರ ಸ್ಟ್ಯಾಂಡರ್ಡ್‌ನಲ್ಲಿ ಬಂದ ಯುನೀಕ್ ಪಾಯಿಂಟರ್ ಕೂಡ ಅದೇ ದಾರಿ. ಸಿ ಯಲ್ಲಿ ಒಮ್ಮೆ ಕೈಯಾರೆ ಮಾಡಿದವನಿಗೆ ರಸ್ಟ್‌ನ ಎರರ್ ಮೆಸೇಜು ಕೂಡ್ಲೆ ಅರ್ಥ ಆಗ್ತದೆ.

ಮತ್ತೆ ನನ್ನ ಕೆಲಸದ ಕಡೆ ಇನ್ನೂ ಸಿ ಯೇ ಹೆಚ್ಚು. ಆರ್ಡುಯಿನೋ ಉನೋ ಆರ್3 ಅನ್ನುವ ಸಣ್ಣ ಬೋರ್ಡಿನ ಚಿಪ್‌ನಲ್ಲಿ ರ‍್ಯಾಮ್ ಒಟ್ಟು 2 ಕೆಬಿ, ಮೇಲೆ ಲೆಕ್ಕ ಹಾಕಿದ "ಮಂಜೇಶ್ವರ"ದಂಥ ಎಂಬತ್ತು ಹೆಸರು ಹಾಕಿದ್ರೆ ಮುಗೀತು. ಓಎಸ್ ಇಲ್ಲ, ಪ್ರೋಗ್ರಾಂ ಮುಗಿಯುವುದೂ ಇಲ್ಲ, ಹಾಗಾಗಿ ವಾಪಸ್ ತಗೊಳ್ಳುವವರು ಯಾರೂ ಇಲ್ಲ. ಅಲ್ಲಿ ಬೇರೆ ಬೇರೆ ಸೈಜಿನದ್ದು ಮ್ಯಾಲಕ್, ಫ್ರೀ ಮಾಡ್ತಾ ಇದ್ರೆ ಒಟ್ಟು ಜಾಗ ಇದ್ದೂ ಒಟ್ಟಿಗೆ ಸಿಗದ ಹಾಗೆ ತುಂಡು ತುಂಡಾಗ್ತದೆ. ಅದಕ್ಕೇ ನಾಸಾದ ಜೆಪಿಎಲ್‌ನ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಕೊಟ್ಟ ಹತ್ತು ನಿಯಮದಲ್ಲಿ ಒಂದು, ಶುರುವಿನ ಸೆಟಪ್ ಆದ ಮೇಲೆ ಡೈನಾಮಿಕ್ ಮೆಮೊರಿ ಕೇಳಲೇ ಬಾರ್ದು ಅಂತ. ನಾವು ಬೇಕಾದಷ್ಟು ಅರೇಯನ್ನು ಮೊದಲೇ ಸ್ಟ್ಯಾಟಿಕ್ ಆಗಿ ಇಟ್ಟುಕೊಳ್ತೇವೆ.

ಹೊಸೂರು_ಬ್ಯಾಕೆಂಡ್:

ಪೈಥಾನ್ ಉದಾಹರಣೆ ಒಪ್ಪಿದೆ, ನಮ್ಮಲ್ಲಿ ಹೊಸಬರಿಗೆ ನಾನೇ ಅದನ್ನ ವಿವರಿಸ್ತಾ ಇರ್ತೀನಿ. ಕಲಿಯೋಕೆ ಸಿ ಇರ್ಲಿ, ಇಂಟರ್ನೆಟ್‌ಗೆ ತೆರೆದಿರೋ ಹೊಸ ಸರ್ವರ್‌ನ ಸಿ ಯಲ್ಲಿ ಬರೆಯೋದು ಮಾತ್ರ ಬೇಡ, ಅಷ್ಟು ನನ್ನ ಮಾತು.

ನೀರ್ಚಾಲು_ಬಿಸಿಎ:

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಅಡ್ರೆಸ್ ಪ್ರಿಂಟ್ ಮಾಡಿ ನೋಡಿದೆ ಅಣ್ಣ, ಗ್ಲೋಬಲ್‌ನಲ್ಲಿ ಎಲ್ಲ ನೋಡ್‌ಗೂ ಒಂದೇ ಸಂಖ್ಯೆ, ಎಸ್‌ಟಿಆರ್‌ಡಪ್ ಹಾಕಿದ ಮೇಲೆ ಬೇರೆ ಬೇರೆ, ಅದೂ ಸಣ್ಣ ಹೆಸರುಗಳಿಗೆ 64, 64ರ ಅಂತರದಲ್ಲಿ (ಹೆಸರಿಗೆ 32, ನೋಡ್‌ಗೆ 32) ಬರ್ತಾ ಉಂಟು, ಅದು ಕಂಡು ತುಂಬ ಖುಷಿ ಆಯ್ತು. ಅಕ್ಕಲಕೋಟದ ಅಣ್ಣ ಹೇಳಿದ ಎ ಮತ್ತು ಬಿ ಎರಡೂ ಒಂದೇ ಬಂತು. ಟೀಚರ್ ಹೇಳಿದ ಲೂಪ್ ಹಾಕಿದೆ, ಸ್ಯಾನಿಟೈಜರ್ ಈಗ ಎಂತದೂ ಹೇಳುವುದಿಲ್ಲ. ಬೇಕಂತಲೇ ಹೆಸರು ಫ್ರೀ ಮಾಡುವ ಲೈನ್ ತೆಗೆದು ಓಡಿಸಿದ್ರೆ ಕೊನೆಯಲ್ಲಿ ಎಷ್ಟು ಬೈಟ್ ಲೀಕ್ ಅಂತ ಲೈನ್ ನಂಬ್ರ ಸಮೇತ ಕೊಡ್ತದೆ.

ಒಂದೇ ಒಂದು ಉಳಿದಿದೆ. 50 ಅನ್ನುವ ಮಿತಿ ಬೇಡ, ಎಷ್ಟು ಉದ್ದದ ಹೆಸರು ಬೇಕಾದ್ರೂ ಓದ್ಬೇಕು ಅಂದ್ರೆ ತುಂಡಿನ ಸೈಜ್ ಬದಲಿಸುವ ರೀಅಲಾಕ್ ಅಂತ ಉಂಟಲ್ವಾ, ಬಫ್ = ರೀಅಲಾಕ್(ಬಫ್, ಹೊಸ ಸೈಜ್) ಅಂತ ಬರೆದ್ರೆ ಸಾಕಾ?

ಅಕ್ಕಲಕೋಟ_ಗಡಿನಾಡು:

ಹಂಗ ಬರೀಬ್ಯಾಡ ತಮ್ಮಾ. ಜಾಗಾ ಸಿಗಲಿಲ್ಲ ಅಂದ್ರ ರೀಅಲಾಕ್ ನಲ್ ಕೊಡ್ತೈತಿ, ಆದ್ರ ಹಳೇ ತುಂಡನ್ನ ಫ್ರೀ ಮಾಡಿರಂಗಿಲ್ಲ. ನೀ ಬಫ್‌ನ್ಯಾಗ ನಲ್ ಬರ್ಕೊಂಡಿ ಅಂದ್ರ ಹಳೇ ಅಡ್ರೆಸ್ ಕಳೀತು, ಇನ್ನ ಅದನ್ನ ಫ್ರೀ ಮಾಡಾಕೂ ಬರಂಗಿಲ್ಲ. ಟಿ = ರೀಅಲಾಕ್(ಬಫ್, ಹೊಸ ಸೈಜ್) ಅಂತ ಬ್ಯಾರೆ ಪಾಯಿಂಟರ್‌ನ್ಯಾಗ ತಗೋ, ಟಿ ನಲ್ ಅಲ್ಲ ಅಂದ್ರಷ್ಟೇ ಬಫ್ = ಟಿ. ಇನ್ನೊಂದು, ರೀಅಲಾಕ್ ತುಂಡನ್ನ ಬ್ಯಾರೆ ಜಾಗಕ್ಕ ಒಯ್ಯಬಹುದು, ಹಂಗ ಒಯ್ದ್ರ ಹಳೇ ಜಾಗದ ಒಳಗ ತೋರಸ್ತಿದ್ದ ಬ್ಯಾರೆ ಪಾಯಿಂಟರ್ ಎಲ್ಲಾ ಕೆಟ್ಟು ಹೋಗ್ತಾವ, ಹಂಗಾಗಿ ನಡುವಿನ ಜಾಗ ನೆನಪಿಡಬೇಕಂದ್ರ ಪಾಯಿಂಟರ್ ಬ್ಯಾಡ, ಶುರುವಿನಿಂದ ಎಷ್ಟನೇ ಬೈಟ್ ಅನ್ನೋ ಸಂಖ್ಯೆ ಇಟ್ಕೋ. ಸೈಜ್ ಒಂದೊಂದೇ ಬೈಟ್ ಹೆಚ್ಚು ಮಾಡಬ್ಯಾಡ, ತುಂಬಿದಾಗೊಮ್ಮೆ ಎರಡು ಪಟ್ಟು ಮಾಡು.

ಉಬುಂಟುದಾಗ ಆದ್ರ ಗೆಟ್‌ಲೈನ್ ಅಂತ ಒಂದು ಫಂಕ್ಷನ್ ಐತಿ, ಪಾಯಿಂಟರ್ ನಲ್, ಸೈಜ್ ಸೊನ್ನೆ ಕೊಟ್ಟು ಕರದ್ರ ಇದೆಲ್ಲಾ ಅದೇ ಮಾಡ್ತೈತಿ, ಕನ್ನಡದ ಹೆಸರು ನಡುವ ತುಂಡಾಗೋ ತ್ರಾಸೂ ಹೋಗ್ತೈತಿ, ಕೊನೀಗೆ ಫ್ರೀ ಮಾಡೋದು ಮಾತ್ರ ನಿಂದು. ಟರ್ಬೋ ಸಿ ಯಾಗ ಅದು ಇಲ್ಲ. ಲ್ಯಾಬಿಗೆ ಬೇಕಂದ್ರ ರೀಅಲಾಕ್‌ದಿಂದ ನೀನೇ ಒಂದು ಬರಿ, ಬರದು ಇಲ್ಲಿ ಹಾಕು, ನೋಡೂಣು.